ರತ್ನಗಿರಿ ಎಲ್ಲಿದೆ? ಗಡಿ ಗಡಿ ಎನ್ನುವವರೇ, ಉತ್ತರ ಕೊಡಿ!



ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ಮೊಬೈಲು ತೆಗೆಯದೆ ಉತ್ತರ ಹೇಳಿ. ರತ್ನಗಿರಿ ಕೋಟೆ ಎಲ್ಲಿದೆ?

'ಮಹಾರಾಷ್ಟ್ರದಲ್ಲಿ, ಆ ಮಾವಿನ ಹಣ್ಣಿನ ಊರಲ್ಲವೇ' ಎನ್ನುತ್ತೀರಿ. ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದವನು. ಅಂದುಕೊಂಡು ಸುಮ್ಮನಿರಲಿಲ್ಲ, ಮೂರು ಸಾವಿರ ಪ್ರತಿ ಅಚ್ಚು ಹಾಕಿಬಿಟ್ಟೆ!

ನಾನು ಇತಿಹಾಸದ ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮೊಳೆ ಜೋಡಿಸುವುದು ಕಲಿತೆ, ಟ್ರೆಡಲ್ ತುಳಿದೆ, ಆಮೇಲೆ ಆಫ್‌ಸೆಟ್ ಬಂತು. ಲಗ್ನಪತ್ರಿಕೆ, ಬಿಲ್‌ಬುಕ್ಕು ಹೊಟ್ಟೆಪಾಡಿಗೆ. ಕನ್ನಡದ ಕೆಲಸ ಮನಸ್ಸಿಗೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಕನ್ನಡ ಸಂಘಟನೆಗಳ ಕರಪತ್ರ, ಭಿತ್ತಿಪತ್ರ, ರಾಜ್ಯೋತ್ಸವದ ಆಹ್ವಾನಪತ್ರಿಕೆ ಎಲ್ಲ ಹಾಕಿಕೊಟ್ಟಿದ್ದೇನೆ. 'ಒಂದಿಂಚು ನೆಲವನ್ನೂ ಬಿಡೆವು' ಎಂದು ದಪ್ಪ ಅಕ್ಷರದಲ್ಲಿ ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ. ಆ ಇಂಚು ಎಲ್ಲಿದೆ ಎಂದು ಒಂದು ದಿನವೂ ಹೋಗಿ ನೋಡಿರಲಿಲ್ಲ.

ಒಂದು ರಾಜ್ಯೋತ್ಸವಕ್ಕೆ ನಾಡಿನ ಕೋಟೆಗಳ ಬಗ್ಗೆ ಹದಿನಾರು ಪುಟದ ಪುಸ್ತಿಕೆ ಮಾಡಿಕೊಡಿ ಎಂದು ಗೆಳೆಯರು ಬಂದರು. ಅವರು ಕೊಟ್ಟ ಹಸ್ತಪ್ರತಿಯಲ್ಲಿ ಶಿರಾ ಕೋಟೆಯ ವಿಷಯವಿತ್ತು. ಶಿರಾ ಪಟ್ಟಣಕ್ಕೆ ಅಡಿಪಾಯ ಹಾಕಿದವನು ರತ್ನಗಿರಿಯ ರಂಗಪ್ಪ ನಾಯಕ. ಕೋಟೆ ಪೂರ್ತಿಯಾಗುವ ಮೊದಲೇ 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬಂದು ಅದನ್ನು ಹಿಡಿದ. ಇಷ್ಟು ಬರೆದಿದ್ದರು. ನಾನು ಜಾಣ! ಓದುಗರಿಗೆ ಸ್ಪಷ್ಟವಾಗಲಿ ಎಂದು ರತ್ನಗಿರಿಯ ಹಿಂದೆ 'ಮಹಾರಾಷ್ಟ್ರದ' ಎಂದು ನಾನೇ ಸೇರಿಸಿ ಪ್ಲೇಟು ಮಾಡಿಸಿದೆ.

ಪುಟ ಮಡಿಸುತ್ತಿದ್ದ ಬೈಂಡಿಂಗ್ ಹುಡುಗ ಕೈ ನಿಲ್ಲಿಸಿದ. "ಅಣ್ಣಾ, ಈ ರತ್ನಗಿರಿ ಮಹಾರಾಷ್ಟ್ರದ್ದಲ್ಲ. ನಮ್ಮೂರ ಹತ್ರದ್ದು. ಬೆಟ್ಟದ ಬುಡದಲ್ಲೇ ನಮ್ಮಮ್ಮನ ತವರು."

ಆ ಹುಡುಗ ನನ್ನಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಊರು ಮಡಕಶಿರಾ ಕಡೆ. ಆಧಾರ್ ಕಾರ್ಡಿನಲ್ಲಿ ಆಂಧ್ರಪ್ರದೇಶ ಎಂದಿತ್ತು. ಅದಕ್ಕೇ ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು 'ತೆಲುಗ' ಎಂದು ಕರೆಯುತ್ತಿದ್ದರು. ಹಾಗೆ ಕರೆಯಲು ಶುರು ಮಾಡಿದವನು ನಾನೇ. ಮನೆಯಲ್ಲಿ ಕನ್ನಡ ಆಡುವ, ಊರಿನ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ, ನನ್ನ ಪ್ರೂಫಿನ ತಪ್ಪು ಹಿಡಿದ ಹುಡುಗ ನನ್ನ ಬಾಯಲ್ಲಿ ತೆಲುಗ! ನಾನು ಕನ್ನಡಾಭಿಮಾನಿ!

ಮೂರು ಸಾವಿರ ಪ್ರತಿಯ ಆ ಫಾರಂ ರದ್ದಿಗೆ ಹೋಯಿತು. ಹೋಗಲಿ. ಕಾಗದದ ದುಡ್ಡು ದುಡಿಯಬಹುದು. ನಾಚಿಕೆ ಹೋಗಲಿಲ್ಲ. ಆ ಹುಡುಗನನ್ನೇ ಜೊತೆಗೆ ಕರೆದುಕೊಂಡು ಹೊರಟೆ. ಒಂದಲ್ಲ, ಆಮೇಲೆ ನಾಲ್ಕಾರು ಸಲ ಹೋಗಿ ಬಂದಿದ್ದೇನೆ. ನೋಡಿದ್ದನ್ನು ಹೇಳುತ್ತೇನೆ, ಕೇಳಿ.

ಶನಿಮಹಾತ್ಮ ಗೊತ್ತು, ಬೆಟ್ಟ ಗೊತ್ತಿಲ್ಲ!

ಬೆಂಗಳೂರಿನಿಂದ ಮಧುಗಿರಿ ದಾರಿಯಲ್ಲಿ ಪಾವಗಡಕ್ಕೆ ಬಸ್ಸಿದೆ. ಪಾವಗಡ ತಾಲ್ಲೂಕು ನಮ್ಮ ತುಮಕೂರು ಜಿಲ್ಲೆಯದು, ಆದರೆ ಬಹುಪಾಲು ಸುತ್ತಲೂ ಆಂಧ್ರದ ನೆಲ. ಊರಿನ ನೆತ್ತಿಯ ಮೇಲೇ ಬಂಡೆಯ ಬೆಟ್ಟ, ಬೆಟ್ಟದ ಮೈಮೇಲೆ ಕೋಟೆ. ಶನಿಮಹಾತ್ಮನ ದರ್ಶನಕ್ಕೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಬೆಂಗಳೂರಿನವರೇ ಎಷ್ಟೋ ಮಂದಿ. ಎಳ್ಳೆಣ್ಣೆ ದೀಪ ಹಚ್ಚುತ್ತಾರೆ, ಊಟ ಮಾಡುತ್ತಾರೆ, ಬಸ್ಸು ಹತ್ತುತ್ತಾರೆ. ತಲೆ ಎತ್ತಿ ಬೆಟ್ಟ ನೋಡುವವರು ಎಷ್ಟು ಜನ?

ನೋಡಿದರೆ ತಿಳಿಯುತ್ತದೆ, ಕೋಟೆ ಎಂದರೆ ಬರೀ ಗೋಡೆಯಲ್ಲ ಎಂದು. ಈ ಕಡೆಯ ಬೆಟ್ಟಗಳಲ್ಲಿ ಮನೆಯಷ್ಟು ದೊಡ್ಡ ಗುಂಡುಗಳಿವೆ. ಕಟ್ಟಿದವರು ಗುಂಡನ್ನು ಒಡೆಯಲು ಹೋಗಲಿಲ್ಲ. ಗುಂಡಿಗೂ ಗುಂಡಿಗೂ ನಡುವಿನ ಸಂದನ್ನು ಗೋಡೆಯಿಂದ ಮುಚ್ಚಿದರು. ಅರ್ಧ ಕೋಟೆ ದೇವರು ಕಟ್ಟಿದ್ದು, ಉಳಿದರ್ಧ ಒಡ್ಡರು ಕಟ್ಟಿದ್ದು. ಬಾಗಿಲು ನೇರಕ್ಕೆ ಇರುವುದಿಲ್ಲ, ದಾರಿ ತಿರುಗುತ್ತದೆ, ಓಡಿ ಬಂದ ಶತ್ರುವಿನ ರಭಸ ಅಲ್ಲೇ ಮುರಿಯಬೇಕು. ಮಳೆಗಾಲದ ನೀರು ಬಂಡೆಯ ಮೇಲಿಂದ ಇಳಿದು ದೊಣೆಯಲ್ಲಿ ನಿಲ್ಲುತ್ತದೆ. ವರ್ಷವೆಲ್ಲ ಒಣಗುವ ಸೀಮೆಯಲ್ಲಿ ಆ ದೊಣೆಯೇ ಕೋಟೆಯ ಜೀವ. ಕಣಜ ತುಂಬಿದ್ದು ದೊಣೆ ಬತ್ತಿದರೆ ಯಾವ ನಾಯಕನೂ ಉಳಿಯಲಾರ. ನೀರು ಹಿಡಿದಿಡುವ ಈ ಬುದ್ಧಿ ಟ್ಯಾಂಕರಿಗೆ ಕಾಯುವ ಬೆಂಗಳೂರಿಗೆ ಇದೆಯೇ?

ಚೋಳರ ಹೆಸರು, ಕನ್ನಡದ ಮಾತು

ಪಾವಗಡ ತಾಲ್ಲೂಕಿನಲ್ಲೇ ನಿಡುಗಲ್ಲು ಇದೆ. ಹೆಸರೇ ಎಷ್ಟು ಚೆನ್ನ ನೋಡಿ. ನಿಡಿದಾದ ಕಲ್ಲು, ನಿಡುಗಲ್ಲು. ಹನ್ನೆರಡು, ಹದಿಮೂರನೇ ಶತಮಾನಗಳಲ್ಲಿ ಇದು ಒಂದು ರಾಜಧಾನಿ. ಇಲ್ಲಿ ಆಳಿದವರು ನಿಡುಗಲ್ಲಿನ ಚೋಳರು. ಇರುಂಗೋಳ ಎಂಬ ಹೆಸರು ಈ ಮನೆತನದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಯ್ಸಳ ವಿಷ್ಣುವರ್ಧನನಿಗೇ ಎದುರು ನಿಂತವರು. ಬೆಟ್ಟದ ಮೇಲೆ ಶಿವನ ಗುಡಿಗಳಿವೆ, ಜಿನಬಸದಿ ಕಟ್ಟಿಸಿದ್ದಕ್ಕೆ 1232ರ ಶಾಸನವಿದೆ.

ಈಗ ಗಮನವಿಟ್ಟು ಓದಿ. ಇವರು ತಮ್ಮನ್ನು ಕರಿಕಾಲ ಚೋಳನ ವಂಶದವರು ಎಂದು ಹೇಳಿಕೊಂಡರು. ತಮಿಳುನಾಡಿನ ಉರೈಯೂರಿನ ಒಡೆಯರು ಎಂಬ ಬಿರುದು ಹೊತ್ತರು. ಆದರೆ ಕಲ್ಲಿನ ಮೇಲೆ ಬರೆಸಿದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ!

ಅಲ್ಲಿಂದ ಸ್ವಲ್ಪ ದೂರದಲ್ಲಿ, ಈಗ ಆಂಧ್ರದ ಅಮರಾಪುರಂ ಮಂಡಲದಲ್ಲಿ, ಹೇಮಾವತಿ ಇದೆ. ಹಳೆಯ ಹೆಸರು ಹೆಂಜೇರು. ನೊಳಂಬರ ರಾಜಧಾನಿ. ಮೂವತ್ತೆರಡು ಸಾವಿರದ ನೊಳಂಬವಾಡಿಯನ್ನು ಆಳಿದವರ ಊರು ಈಗ ಒಂದು ಹಳ್ಳಿ. ದೊಡ್ಡೇಶ್ವರ ಗುಡಿಯ ಕಂಬಗಳನ್ನು ನೋಡಿದರೆ ಕಲ್ಲೋ ಕಂಚೋ ಎನ್ನಿಸುತ್ತದೆ. ಸಿದ್ಧೇಶ್ವರನ ಗುಡಿಯಲ್ಲಿ ಲಿಂಗವಿಲ್ಲ, ಕೂತ ಶಿವನ ಮೂರ್ತಿಯೇ ಇದೆ, ಜನ ಅವನನ್ನು ಹೆಂಜೇರಪ್ಪ ಎನ್ನುತ್ತಾರೆ. ನೊಳಂಬರೂ ತಾವು ಕಂಚಿಯ ಪಲ್ಲವರ ವಂಶ ಎಂದು ಹೇಳಿಕೊಂಡವರೇ. ಅವರ ಶಾಸನಗಳೂ ಕನ್ನಡ ಮಾತಾಡುತ್ತವೆ.

ಇದರ ಅರ್ಥವೇನು? ವಂಶ ಎಲ್ಲಿಯದಾದರೂ ಇರಲಿ, ಬಿರುದು ಯಾವ ಊರಿನದಾದರೂ ಇರಲಿ, ಈ ನೆಲದ ಒಕ್ಕಲಿಗನಿಗೆ ದತ್ತಿಯ ಎಲ್ಲೆ ತಿಳಿಸಬೇಕಾದರೆ, ಸತ್ತ ವೀರನ ಮನೆಯವರಿಗೆ ಮಾತು ಕೊಡಬೇಕಾದರೆ ಕನ್ನಡ ಬೇಕಾಯಿತು. ಎಂಟುನೂರು ವರ್ಷದ ಹಿಂದೆ ಚೋಳ ಬಿರುದಿನ ದೊರೆಗೆ ಗೊತ್ತಿದ್ದ ಸತ್ಯ ಇಂದು ಬೆಂಗಳೂರಿನಲ್ಲಿ ಬಂದು ಅಂಗಡಿ ಇಟ್ಟವರಿಗೆ, ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲ. ಅವರಿಗೆ ಹೇಳಬೇಕಾದ ನಮಗೂ ಗೊತ್ತಿಲ್ಲ! ಕೈಯಲ್ಲಿ ಇಷ್ಟು ದೊಡ್ಡ ಸಾಕ್ಷಿ ಇಟ್ಟುಕೊಂಡು ನಾವು ಬರೀ ಗಂಟಲು ಹರಿದುಕೊಳ್ಳುತ್ತೇವೆ.

ಗೆರೆ ಎಳೆದವರು ಯಾರು?

ಹಾಗಾದರೆ ಹೆಂಜೇರು, ರತ್ನಗಿರಿ ಆ ಕಡೆಗೆ ಹೋದದ್ದು ಹೇಗೆ? 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ನಾಡನ್ನು ಕಂಪನಿಯವರು, ನಿಜಾಮರು ಹಂಚಿಕೊಂಡು ಉಳಿದದ್ದನ್ನು ಮೈಸೂರಿನ ಒಡೆಯರಿಗೆ ಬಿಟ್ಟರು. 1800ರಲ್ಲಿ ನಿಜಾಮ ತನ್ನ ಪಾಲನ್ನು ಕಂಪನಿಗೇ ಒಪ್ಪಿಸಿದ. ಬಳ್ಳಾರಿ, ಅನಂತಪುರ ಸೀಮೆ ಹೀಗೆ ಮದರಾಸಿಗೆ ಸೇರಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರವನ್ನು ಬೇರೆ ಜಿಲ್ಲೆ ಮಾಡಿದರು. ಮಡಕಶಿರಾ ಅದರಲ್ಲಿ ಉಳಿಯಿತು, ಪಾವಗಡ ಮೈಸೂರಿನಲ್ಲಿ ಉಳಿಯಿತು. ಸಾಹೇಬರು ಮೇಜಿನ ಮೇಲೆ ಎಳೆದ ಗೆರೆ! ಬೆಟ್ಟವನ್ನು ಕೇಳಲಿಲ್ಲ, ಭಾಷೆಯನ್ನು ಕೇಳಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ಸುಮ್ಮನೆ ಬರಲಿಲ್ಲ. ಅದಕ್ಕಾಗಿ ಜನ ಬೀದಿಗಿಳಿದರು, ರಂಜಾನ್ ಸಾಬ್ ಜೀವ ಕೊಟ್ಟರು. ರಾಯದುರ್ಗದ ಬೆಟ್ಟದ ಕೋಟೆ ಮೊಳಕಾಲ್ಮೂರು ಸೀಮೆಯ ಪಕ್ಕದಲ್ಲೇ ಇದೆ, ಆದರೆ ಗೆರೆಯ ಆಚೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಹತ್ತಿದ್ದೇವೆ?

ಇಲ್ಲೊಂದು ಮಾತು ನೇರವಾಗಿ ಹೇಳಬೇಕು, ಕೆಲವರಿಗೆ ಹಿಡಿಸದೆ ಇರಬಹುದು. ಗೆರೆಯ ಆ ಕಡೆ ಮಡಕಶಿರಾದಲ್ಲಿ ಕನ್ನಡ ಇರುವಂತೆ ಈ ಕಡೆ ಪಾವಗಡದಲ್ಲಿ ತೆಲುಗು ಇದೆ. ಪಾವಗಡದ ಎಷ್ಟೋ ಮನೆಗಳಲ್ಲಿ ತಾಯಿ ಮಗುವಿಗೆ ತೆಲುಗಿನಲ್ಲೇ ಊಟ ಹಾಕುತ್ತಾಳೆ. ಮಗು ಕನ್ನಡ ಶಾಲೆಗೆ ಹೋಗುತ್ತದೆ, ಕನ್ನಡದಲ್ಲಿ ಪರೀಕ್ಷೆ ಬರೆಯುತ್ತದೆ. ಬೆಂಗಳೂರಿಗೆ ಬಂದರೆ ನಾವು ಅದರ ಮಾತಿನ ರಾಗ ಕೇಳಿ 'ತೆಲುಗಿನವನಾ?' ಎನ್ನುತ್ತೇವೆ. ಆ ಕಡೆಯಿಂದ ಬಂದ ಕನ್ನಡದ ಹುಡುಗನಿಗೆ ಕಾರ್ಡು ನೋಡಿ ಅದೇ ಮಾತು ಹೇಳುತ್ತೇವೆ. ಅಲ್ಲಿಗೆ ಇಬ್ಬರನ್ನೂ ಹೊರಗೆ ಹಾಕಿದ್ದಾಯಿತು. ಉಳಿದವರು ಯಾರು? ಬಸವನಗುಡಿ, ರಾಜಾಜಿನಗರದ ನಾವು ನಾಲ್ಕು ಜನ! ಗಡಿಯನ್ನು ಪಕ್ಕದ ರಾಜ್ಯದವರು ಕಿತ್ತುಕೊಳ್ಳಬೇಕಾಗಿಲ್ಲ ಸ್ವಾಮಿ, ನಾವೇ ಬಾಯಿಂದ ಕಳೆದುಕೊಳ್ಳುತ್ತಿದ್ದೇವೆ.

ಎಣ್ಣೆಬಣ್ಣದ ವೀರರು

ರತ್ನಗಿರಿ ಹತ್ತಿದ ದಿನ ಬಿಸಿಲು ಜೋರಿತ್ತು. ಸೀತಾಫಲದ ಪೊದೆ, ಜಾಲಿ ಮುಳ್ಳು, ನಡುವೆ ಕುರಿ ನಡೆದ ದಾರಿ. ಕುರಿ ಕಾಯುವ ಅಜ್ಜ ಒಬ್ಬರು ಕನ್ನಡದಲ್ಲೇ ದಾರಿ ತೋರಿಸಿದರು. "ಯಾವೂರಪ್ಪಾ ನಿಮ್ದು?" ಎಂದರು. ಬೆಂಗಳೂರು ಎಂದೆ. "ನಿಧಿ ತೆಗೆಯಕ್ಕೆ ಬಂದಿಲ್ಲ ತಾನೆ?" ಎಂದು ಕೇಳಿಬಿಟ್ಟರು! ಪೇಟೆಯಿಂದ ಕೋಟೆಗೆ ಬರುವವರೆಂದರೆ ಅವರ ಲೆಕ್ಕದಲ್ಲಿ ಎರಡೇ ಜಾತಿ. ಹಾರೆ ತರುವವರು, ಬಾಟಲಿ ತರುವವರು.

ತಪ್ಪು ಹೇಳಲಿಲ್ಲ ಅಜ್ಜ. ಈ ಸೀಮೆಯ ಬೆಟ್ಟಗಳಲ್ಲಿ ನಾನು ಕಂಡದ್ದು ಹೇಳುತ್ತೇನೆ. ಗುಡಿಯ ಗರ್ಭಗುಡಿಯಲ್ಲಿ ಆಳೆತ್ತರ ಗುಂಡಿ. ಪೀಠದಿಂದ ಕಿತ್ತು ಮಗುಚಿದ ಮೂರ್ತಿ. ನಡುವೆ ಸೀಳಿದ ವೀರಗಲ್ಲು. ಅಕ್ಷರವಿರುವ ಕಲ್ಲೆಂದರೆ ನಿಧಿಯ ಗುರುತು ಎಂದು ಯಾರೋ ಮೂಢರು ಹಬ್ಬಿಸಿದ ಮಾತಿಗೆ ಎಷ್ಟು ಶಾಸನ ಪುಡಿಯಾಯಿತೋ! ಶಾಸನದಲ್ಲಿ ನಿಧಿಯ ದಾರಿ ಇರುವುದಿಲ್ಲ. ಯಾರು ಯಾರಿಗೆ ಎಷ್ಟು ಗದ್ದೆ ಬಿಟ್ಟರು, ಯಾವ ಕೆರೆ ಕಟ್ಟಿಸಿದರು, ಯಾರು ದನ ಬಿಡಿಸಲು ಹೋಗಿ ಸತ್ತರು ಎಂದಿರುತ್ತದೆ. ಅದೇ ನಿಧಿ. ಒಂದು ಹಳ್ಳಿಯಲ್ಲಿ ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಾಗಿ ಹಾಕಿದ್ದ ಚಪ್ಪಡಿಯ ಅಂಚಿನಲ್ಲಿ ಹಳಗನ್ನಡದ ಅಕ್ಷರ ಕಂಡೆ. ಸೋಪಿನ ನೀರಿನಲ್ಲಿ ಅರ್ಧ ಸವೆದಿತ್ತು. ನಮ್ಮ ಹುಡುಗ ಬಗ್ಗಿ ಬೆರಳಾಡಿಸಿ 'ಶ್ರೀ' ಎಂಬುದೊಂದನ್ನು ಓದಿದ. ಉಳಿದದ್ದು ಓದಲು ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅಕ್ಷರ ಮಾರಿ ಅನ್ನ ತಿನ್ನುವ ನನಗೆ!

ಬಾಟಲಿಯವರ ಕತೆ ಇನ್ನೊಂದು. ವಾರದ ಕೊನೆಗೆ ಟ್ರೆಕ್ಕಿಂಗ್ ಎಂದು ಬೈಕಿನಲ್ಲಿ ಬರುತ್ತಾರೆ. ಬತೇರಿಯ ಮೇಲೆ ನಿಂತು ಸೆಲ್ಫಿ. ಕೆಂಪು ಎಣ್ಣೆಬಣ್ಣದಲ್ಲಿ ಹೃದಯದ ಚಿತ್ರ, ಬಾಣ, ಎರಡು ಹೆಸರು. ಯಾವ ಲಿಪಿಯಲ್ಲಿ ಗೊತ್ತೇ? ಎಷ್ಟೋ ಕಡೆ ಕನ್ನಡದಲ್ಲೇ! ಹಿಂದಿನವರು ಕಲ್ಲಿನ ಮೇಲೆ ಕನ್ನಡ ಬರೆದು ನಾಡು ಉಳಿಸಿದರು. ನೀವು ಕಲ್ಲಿನ ಮೇಲೆ ಕನ್ನಡ ಬರೆದು ನಾಡಿನ ಮುಖಕ್ಕೆ ಮಸಿ ಬಳಿಯುತ್ತಿದ್ದೀರಿ. ಇನ್ನು ಕೆಲವು ಅಭಿಮಾನಿಗಳು ಹಳದಿ ಕೆಂಪು ಬಾವುಟದ ಬಣ್ಣವನ್ನೇ ಕೋಟೆಯ ಗೋಡೆಗೆ ಬಳಿದು ಬರುತ್ತಾರೆ. ಬಾವುಟಕ್ಕೆ ಕಂಬ ಬೇಕು, ಕೋಟೆಯ ಕಲ್ಲಲ್ಲ.

ಕಾನೂನು ಇದೆ, ತಿಳಿದಿರಲಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕವನ್ನು ಹಾಳುಗೆಡವಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ರಾಜ್ಯದ ಸ್ಮಾರಕಗಳಿಗೆ 1961ರ ನಮ್ಮದೇ ಕಾಯ್ದೆ ಇದೆ. 1878ರ ನಿಧಿ ಕಾಯ್ದೆ ಇನ್ನೂ ಹಳೆಯದು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಹೂತಿಟ್ಟ ಸೊತ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆದರೆ ಬೆಟ್ಟದ ಮೇಲೆ ರಾತ್ರಿ ಹೊತ್ತು ಕಾನೂನು ಕಾಯಲು ಯಾರಿದ್ದಾರೆ? ಕುರಿ ಕಾಯುವ ಅಜ್ಜ ಇದ್ದಾರೆ. ನಾವು ಇಲ್ಲ.

ಓದಿದವರು ಬೇರೆಯವರು, ಕೂಗುವವರು ನಾವು

ಪಾವಗಡದ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿ ಅಚ್ಚು ಹಾಕಿಸಿದವರು ಯಾರು? ಬಿ.ಎಲ್. ರೈಸ್. ಇಂಗ್ಲಿಷ್ ಪಾದ್ರಿಯ ಮಗ, ಬೆಂಗಳೂರಿನಲ್ಲಿ ಹುಟ್ಟಿದವರು. ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ, ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ಅನಂತಪುರ, ಬಳ್ಳಾರಿ ಕಡೆಯ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೇ ಸಂಪುಟದಲ್ಲಿವೆ, ಮೊದಲ ಭಾಗ 1939ರದು. ಸಂಪಾದಿಸಿದವರು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್. ಆ ಸಂಪುಟದ ಹೆಸರೇ 'ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು'. ಗಡಿಯ ಬಗ್ಗೆ ಇದಕ್ಕಿಂತ ದೊಡ್ಡ ಕರಪತ್ರ ನನ್ನ ಪ್ರೆಸ್ಸಿನಲ್ಲಿ ಯಾವತ್ತೂ ಅಚ್ಚಾಗಿಲ್ಲ. ಅದನ್ನು ಎಷ್ಟು ಜನ ಬಿಡಿಸಿ ನೋಡಿದ್ದೀರಿ? ನಾನು ನೋಡಿದ್ದು ಮೂರು ಸಾವಿರ ಪ್ರತಿ ರದ್ದಿಗೆ ಹಾಕಿದ ಮೇಲೆ.

ಕಲ್ಲಿನ ಕನ್ನಡ ಒಂದು ಕಡೆ ಇರಲಿ. ಉಸಿರಾಡುವ ಕನ್ನಡದ ಮಾತು ಬಂತು. ಮಡಕಶಿರಾ, ರಾಯದುರ್ಗದ ಕಡೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಪಾಠ ಹೇಳಿಸುವ ಸೌಕರ್ಯ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ವಿಧಿ ಇದ್ದರೆ ಸಾಲದು, ಮಕ್ಕಳು ಬರಬೇಕು. ನಮ್ಮ ಹುಡುಗನ ತಾಯಿ ನನ್ನನ್ನು ಕೇಳಿದ್ದು ಹೀಗೆ: "ಕನ್ನಡ ಓದಿ ನನ್ನ ಮಗ ಬೆಂಗಳೂರಿಗೆ ಬಂದ್ರೆ ಅಲ್ಲಿ ಅವನ್ನ ತೆಲುಗ ಅಂತೀರಂತೆ. ಮತ್ತೆ ಚಿಕ್ಕವಳನ್ನ ಯಾಕೆ ಕನ್ನಡ ಸ್ಕೂಲಿಗೆ ಹಾಕಲಣ್ಣಾ?"

ನಾನು ಏನು ಉತ್ತರ ಕೊಡಲಿ? ನೀವು ಕೊಡಿ.

ಏನು ಮಾಡಬೇಕು?

ಭಾಷಣ ಸಾಕು. ಕೆಲಸ ಹೇಳುತ್ತೇನೆ.

ಒಂದು: ತಿಂಗಳಿಗೊಂದು ಭಾನುವಾರ ಗಡಿಯ ಒಂದು ಕೋಟೆಗೆ ಹೋಗಿ. ಪಾವಗಡ, ನಿಡುಗಲ್ಲು, ರತ್ನಗಿರಿ, ರಾಯದುರ್ಗ. ಹೇಮಾವತಿಯನ್ನು ಬಿಡಬೇಡಿ. ಬಾವುಟ, ಘೋಷಣೆ ಬೇಡ. ನೀರು, ಬುತ್ತಿ, ನೋಟ್‌ಬುಕ್ಕು ಸಾಕು. ಒಬ್ಬರೇ ಹತ್ತಬೇಡಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮಳೆಯಲ್ಲಿ ಬಂಡೆ ಜಾರುತ್ತದೆ, ದೊಣೆಯ ಆಳ ಕಾಣುವುದಿಲ್ಲ, ಈಜಲು ಇಳಿಯಬೇಡಿ.

ಎರಡು: ಅಕ್ಷರದ ಕಲ್ಲು ಕಂಡರೆ ಸುಣ್ಣ, ಎಣ್ಣೆ, ಅರಿಶಿನ ಹಚ್ಚಬೇಡಿ, ಮೊಳೆಯಿಂದ ಕೆರೆಯಬೇಡಿ. ಬೆಳಿಗ್ಗೆಯ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ. ಊರು, ಹೊಲ, ಯಾರ ಜಮೀನು ಎಂದು ಬರೆದುಕೊಂಡು ಪುರಾತತ್ವ ಇಲಾಖೆಗೆ ಒಂದು ಅರ್ಜಿ ಹಾಕಿ. ಸಂಪುಟದಲ್ಲಿ ಇದೆಯೋ ಇಲ್ಲವೋ ಹುಡುಕಿ.

ಮೂರು: ಹೊಸ ಗುಂಡಿ ಕಂಡರೆ ಅಂದೇ ಪೊಲೀಸರಿಗೆ, ತಹಶೀಲ್ದಾರರಿಗೆ ತಿಳಿಸಿ.

ನಾಲ್ಕು: ಆ ಕಡೆಯ ಕನ್ನಡ ಶಾಲೆಗೆ ಹೋಗಿ. ಮೇಷ್ಟ್ರನ್ನು ಕೇಳಿ, ಏನು ಬೇಕು ಎಂದು. ಕತೆ ಪುಸ್ತಕ ಕೊಡಿ, ನಿಘಂಟು ಕೊಡಿ. ತೆಲುಗಿನವರ ಜೊತೆ ಜಗಳ ತೆಗೆಯಲು ಹೋಗಬೇಡಿ. ಅವರ ನಡುವೆಯೇ ನಮ್ಮ ಮಕ್ಕಳು ಬಾಳಬೇಕು.

ಐದು: ಗಡಿಯಿಂದ ಬಂದ ಹುಡುಗನ ಕಾರ್ಡು ನೋಡಬೇಡಿ, ಮಾತು ಕೇಳಿ.

ನನ್ನ ಪಾಲು ನಾನು ಹೇಳಿಬಿಡುತ್ತೇನೆ. ಗಡಿಯ ಒಂದು ಕೋಟೆಯನ್ನು ಸ್ವತಃ ಹತ್ತಿ, ಅಲ್ಲಿನ ಶಾಸನವನ್ನು ಸರಿಯಾಗಿ ಓದಿಸಿ, ನಾಲ್ಕು ಪುಟ ಬರೆದು ತಂದ ಯಾವುದೇ ತರುಣ ಸಂಘಕ್ಕೆ ಸಾವಿರ ಪ್ರತಿ ಅಚ್ಚು ಹಾಕಿಕೊಡುತ್ತೇನೆ. ಕಾಗದ ನಿಮ್ಮದು. ಪ್ಲೇಟು, ಶಾಯಿ, ಕೂಲಿ ನನ್ನದು. ಬೈಂಡಿಂಗ್ ಆ ಹುಡುಗನದು. ಈಗ ಪ್ರೆಸ್ಸಿನಲ್ಲಿ ಅವನನ್ನು ಯಾರೂ ತೆಲುಗ ಎನ್ನುವುದಿಲ್ಲ, ಹೆಸರು ಹಿಡಿದು ಕರೆಯುತ್ತೇವೆ. ಪ್ರೂಫು ಮೊದಲು ಅವನ ಕೈಗೆ ಹೋಗುತ್ತದೆ. ಅವನು ಪಾಸು ಮಾಡಿದ ಮೇಲೆಯೇ ಪ್ಲೇಟು.

ಬರುವ ನವೆಂಬರ್ 1ಕ್ಕೆ ಮೆರವಣಿಗೆ ಹೋಗುವವರು ಹೋಗಿ. ಆದರೆ 'ಒಂದಿಂಚು ನೆಲವನ್ನೂ ಬಿಡೆವು' ಎಂದು ಅಚ್ಚು ಹಾಕಿಸಲು ನನ್ನಲ್ಲಿಗೆ ಬಂದವರಿಗೆ ಇನ್ನು ಮೇಲೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ.

ರತ್ನಗಿರಿ ಎಲ್ಲಿದೆ?

ಸಿರಿಗನ್ನಡಂ ಗೆಲ್ಗೆ!